ಖಾಲಿ ಹಳಿಯ ಕೂಗು

ಕಣ್ಣಿಗೆ ಬಟ್ಟೆ ಕಟ್ಟಿ ನನ್ನನ್ನು ಬಾವಿಗಿಳಿಸಿದರೂ ಸರಿಯೇ, ಮೇಲೆ ಹೋಗುವ ರೈಲಿನ ಕೂಗು ಕೇಳಿ ಇಂಜಿನ್ನಿನ ನಂಬರನ್ನೂ ಡ್ರೈವರ್ ಬೆಳಿಗ್ಗೆ ತಿಂದ ತಿಂಡಿಯನ್ನೂ ಹೇಳಬಲ್ಲೆ. ರೈಲು ನೋಡುವುದು ನನಗೆ ಅಂಥ ಹುಚ್ಚು. ಆ ಮಧ್ಯಾಹ್ನ ಅಕ್ಕನನ್ನು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂರಿಸಿ, ಕೆಳಗಿಳಿದು, ಆಚೆ ಹಳಿಯಲ್ಲಿ ನಿಂತಿದ್ದ ಗೂಡ್ಸ್ ಗಾಡಿಯ ಫೋಟೋ ತೆಗೆಯುತ್ತಿದ್ದೆ. ಇಡೀ ಇಂಜಿನ್ ಹಿಡಿಸಲೆಂದು ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದೆ ಸರಿಯುತ್ತಾ ಈಚೆ ಹಳಿಯ ನಡುವೆ ಬಂದದ್ದು ಗೊತ್ತೇ ಆಗಲಿಲ್ಲ.

ಸುಡುಬಿಸಿಲಿನಲ್ಲಿ ಬೆನ್ನು ಇದ್ದಕ್ಕಿದ್ದಂತೆ ತಣ್ಣಗಾಯಿತು. ಕಲ್ಲಿದ್ದಲಿನ ಹೊಗೆ ಮೂಗಿಗೆ ಬಡಿಯಿತು. ಕಿವಿಯ ಪಕ್ಕದಲ್ಲೇ ಉದ್ದನೆಯ ಕೂಗು ಎದ್ದಿತು. ಬೆಚ್ಚಿಬಿದ್ದು ಪ್ಲಾಟ್‌ಫಾರ್ಮಿಗೆ ನೆಗೆದು ತಿರುಗಿ ನೋಡಿದರೆ ಹಳಿ ಖಾಲಿ. ಉಸಿರು ತಿರುಗುವಷ್ಟರಲ್ಲಿ ಎಕ್ಸ್‌ಪ್ರೆಸ್ ಗಾಡಿ ನಾನು ನಿಂತಿದ್ದ ಜಾಗದ ಮೇಲೆ ಹಾದುಹೋಯಿತು.

ಏದುಸಿರು ಬಿಡುತ್ತಾ ಬಂದ ಸ್ಟೇಷನ್ ಮಾಸ್ತರರ ಮುಂದೆ ಮೀಸೆ ತಿರುವಿದೆ. "ಕೂಗು ಕೇಳಿದ ಕೂಡ್ಲೇ ನಂಬರ್ ಸಮೇತ ಗುರುತು ಹಿಡ್ದೆ ಸಾರ್!"

"ಯಾವ ಕೂಗ್ರೀ? ಆ ಗಾಡಿ ಹಾರ್ನ್ ಕೆಟ್ಟಿದೆ ಅಂತ ಹಿಂದಿನ ಸ್ಟೇಷನ್ನಿಂದ ಈಗ ತಾನೇ ಫೋನ್ ಬಂತು. ನಿಮ್ಮನ್ನ ಎಳೆಯೋಕೇ ಓಡಿ ಬಂದೆ."

ಅಕ್ಕ ಅಳುತ್ತಲೇ ನನ್ನ ಕೊರಳಪಟ್ಟಿ ಹಿಡಿದಳು. "ನಂಗೂ ಏನೂ ಕೇಳಿಸ್ಲಿಲ್ಲ ಕಣೋ. ಬೊಗಳೆ ಸಾಕು, ನಿಜ ಹೇಳು." ಅವಳ ಬೆರಳಿಗೆಲ್ಲ ಮಸಿ ಮೆತ್ತಿಕೊಂಡಿತು.

ನಾನು ಹುಟ್ಟುವ ಮೊದಲೇ ಆ ದಾರಿಯಲ್ಲಿ ಕಲ್ಲಿದ್ದಲಿನ ಇಂಜಿನ್ನುಗಳು ನಿಂತುಹೋಗಿದ್ದವು. ಖಾಲಿ ಹಳಿಯತ್ತ ತಿರುಗಿ, ಕೈ ಮುಗಿದೆ.

"ನನ್ನ ಜೀವ ಉಳಿಸ್ತು ಅಕ್ಕಾ," ಎಂದೆ. "ಯಾವ ಇಂಜಿನ್ನೋ, ನಂಗೆ ಗೊತ್ತಾಗ್ಲಿಲ್ಲ."