ಕಾರಿನ ಹಿಂದೆ ಅವ್ವ

"ಯಾಕ ಹಿಂಗ ಒದರಾಕತ್ತೀ? ಹಿಂದ ಯಾರೂ ಇಲ್ಲಲಾ!"

ಗಬ್ಬೂರ ಬೈಪಾಸಿನ ಗ್ಯಾರೇಜಿನ ಮುಂದೆ ಕಾರು ಹಿಂದಕ್ಕೆ ತೆಗೆಯುತ್ತ, ಶಾಂಭವಿ ಕಾರನ್ನೇ ಕೇಳಿದಳು. ಕಾರು ಕೀಂ ಕೀಂ ಎನ್ನುತ್ತಲೇ ಇತ್ತು.

"ಯಾರೂ ಇಲ್ಲಂದ್ರ ಹೆಂಗ್ರಿ? ನಾ ಇದ್ದೇನಲ್ಲ!"

ಕನ್ನಡಿಯಲ್ಲಿ ಮೆಕ್ಯಾನಿಕ್ ವಿಶಾಲನ ನಗು! ಅವಳು ಗಕ್ಕನೆ ಬ್ರೇಕ್ ಒತ್ತಿದಳು. ಇನ್ನೊಂದು ಗೇಣು ಹಿಂದೆ ಹೋಗಿದ್ದರೆ...

ಎರಡು ವರ್ಷದಿಂದ ಈ ಕಾರು ನೋಡಿಕೊಳ್ಳುವವನು ಅವನೇ. ಆ ನಗು ನೋಡಲೆಂದೇ ಅವಳು ಅವಧಿಗೆ ಮೊದಲೇ ಆಯಿಲ್ ಬದಲಿಸಿಕೊಂಡದ್ದೂ ಉಂಟು!

ವಿಶಾಲ ಹಿಂದಿನ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆರಳಿಗಂಟಿದ ಬಿಳಿ ಪುಡಿಯನ್ನು ಒಮ್ಮೆ ನೋಡಿ, ಅಂಗೈಯಲ್ಲಿ ಉಜ್ಜಿಕೊಂಡ.

"ರಿವರ್ಸ್ ಸೆನ್ಸರ್ ನಾಕೂ ಹೋಗ್ಯಾವ್ರಿ. ಹೊಸಾವು ಹಾಕಬೇಕಂದ್ರ ಇಪ್ಪತ್ತೆರಡ ಸಾವಿರ. ಬ್ಯಾಡ್ರಿ ಟೀಚರ್, ದಂಡ! ವೈರ್ ಕಿತ್ತ ಒಗೀತೇನಿ. ಕುತಿಗಿ ಹೊಳ್ಳಿಸಿ ನೋಡಿ ಹಿಂದ ತಗೋರಿ."

ಅವಳ ಪಗಾರದ ಅರ್ಧ ಅದು. ಆದರೂ 'ದಂಡ' ಎಂಬ ಮಾತು ಮುಳ್ಳಿನಂತೆ ಚುಚ್ಚಿತು.

"ನಮ್ಮವ್ವಗ ಕಿವಿ ಕೇಳಂಗಿಲ್ರಿ. ದಿನಾ ಪೂಜಾ ಮುಗಿಸಿ ಕಾರಿನ ಹಿಂದ ಬಂದು ಬಗ್ಗತಾಳ. ಕನ್ನಡ್ಯಾಗ ಕಾಣಂಗಿಲ್ಲ. ಹ್ವಾದ ಸೋಮವಾರ ಸ್ವಲ್ಪದರಾಗ ಉಳದಳು... ಕುತಿಗಿ ಹೊಳ್ಳಸಬೇಕಂತ ಕುತಿಗಿ!"

ವಿಶಾಲ ಗಡಬಡಿಸಿ ಎದ್ದ. ಅವನು ಬಾಯಿ ತೆರೆಯುವಷ್ಟರಲ್ಲಿ ಕಾರು ರಸ್ತೆ ಸೇರಿತ್ತು.

'ಇಷ್ಟು ಚಂದ ನಗುವವನ ಮನಸ್ಸು ಇಷ್ಟು ಕಲ್ಲೇ?' ದಾರಿಯುದ್ದಕ್ಕೂ ಅವಳ ಕಣ್ಣು ತುಂಬುತ್ತಲೇ ಇತ್ತು.

ಮರುದಿನ ಮುಂಜಾನೆ, ಸಪ್ತಾಪುರದ ಅವಳ ಮನೆಯ ಗೇಟಿನಲ್ಲಿ ಸಾಮಾನಿನ ಚೀಲ ಹಿಡಿದು ನಿಂತಿದ್ದ ವಿಶಾಲ!

ಅದೇ ಹೊತ್ತಿಗೆ ಶಾಂಭವಿಯ ಅವ್ವ ಶಿವಲಿಂಗವ್ವ ವಚನ ಗುನುಗುತ್ತ ಕಾರಿನ ಹಿಂದೆ ಬಗ್ಗಿದಳು. ನೀರಲ್ಲಿ ಕಲಸಿದ ವಿಭೂತಿಯನ್ನು ಬಂಪರಿನ ನಾಲ್ಕು ದುಂಡು ಸೆನ್ಸರುಗಳಿಗೂ ಭಕ್ತಿಯಿಂದ ಮೆತ್ತಿದಳು. ಅವಳ ಪಾಲಿಗೆ ಅವು ನಾಲ್ಕು ಲಿಂಗ.

ಶಾಂಭವಿ ದಿನಾ ಕಂಡದ್ದೇ... ಆದರೆ ಕಾರಿನ ಕೂಗಿಗೂ ಇದಕ್ಕೂ ನಂಟಿದೆಯೆಂದು ಹೊಳೆದಿರಲೇ ಇಲ್ಲ!

ವಿಶಾಲ ಅವ್ವನ ಕಿವಿಯ ಹತ್ತಿರ ಬಗ್ಗಿ ಕೂಗಿದ.

"ಅವ್ವಾರ, ಇವು ಗಾಡಿ ಕಣ್ಣ ರೀ! ವಿಭೂತಿ ಹಣೀಗೆ ಹಚ್ಕೋತೀವಿ, ಕಣ್ಣಾಗ ಹಾಕ್ಕೋತೀವೇನ್ರಿ?"

ಓಣಿಯೆಲ್ಲ ತಿರುಗಿ ನೋಡಿತು.

"ಅಯ್ಯ ಶಿವನ! ಇಷ್ಟ ದಿನಾ ಇದನ್ನ ಕುರುಡ ಮಾಡಿಟ್ಟಿದ್ನೇನೋ ತಮ್ಮಾ!" ಅವ್ವ ಗಲ್ಲ ಗಲ್ಲ ಬಡಿದುಕೊಂಡಳು. ಸೆರಗಿನಿಂದ ಸೆನ್ಸರ್ ಒರೆಸಿ, ಡಿಕ್ಕಿಯ ಮೇಲೆ ವಿಭೂತಿಯ ಮೂರು ಬೆರಳೆಳೆದಳು. "ಇದು ಹಣಿ, ಹೌದಿಲ್ಲೋ?"

"ಹೌದ್ರಿ ಯವ್ವಾ, ಹೌದು!"

ಅವ್ವ ಚಹಾ ತರಲು ಒಳಗೆ ಹೋದಳು.

"ನಿನ್ನೆ ಯಾಕ ಹೇಳಲಿಲ್ರಿ?" ಶಾಂಭವಿಯ ದನಿ ಮೆತ್ತಗಾಗಿತ್ತು.

"ವಿಭೂತಿ ಒರಸ್ರಿ ಅಂತ ಯಾವ ಬಾಯಿಲೆ ಹೇಳ್ಲಿ? ವಿಭೂತಿ ನೀರು ಒಳಗ ಇಳದು ಇವು ಹಾಳಾಗ್ಯಾವು. ಹೊಸಾವು ಹಾಕಿದ್ರೂ ಮತ್ತ ಹಾಳಾಗತಾವು, ಸುಮ್ನ ನಿಮ್ಮ ರೊಕ್ಕ ಹೋಗತೈತಿ ಅಂತ ದಂಡ ಅಂದೆ. ಹಿಂದ ಅವ್ವಾರು ಬಗ್ಗತಾರಂತ ಕೇಳಿದ ಮ್ಯಾಲೆ ನಿದ್ದಿನ ಬರಲಿಲ್ಲ..."

ಅವಳು ಸೋತಳು. 'ಕಲ್ಲು ಅಂದೆನಲ್ಲ... ಬೆಣ್ಣೆ ಇದು!'

"ಹಾಕ್ರಿ ಹೊಸಾವು. ಅರ್ಧ ಪಗಾರ ಹೋದ್ರ ಹೋಗ್ಲಿ, ನಮ್ಮವ್ವ ನನಗ ಬೇಕು."

ವಿಶಾಲ ಚೀಲದಿಂದ ಹೊಸ ಸೆನ್ಸರ್ ತೆಗೆದು ಹಾಕಿ ಮುಗಿಸಿದ. ಅವ್ವ ಹಿಂದೆ ನಿಂತರೆ ಕೀಂ, ಸರಿದರೆ ಸುಮ್ಮನೆ! ಶಾಂಭವಿ ಮಗುವಿನಂತೆ ಚಪ್ಪಾಳೆ ತಟ್ಟಿದಳು. ವಿಶಾಲ ಮಾತ್ರ ತಲೆ ತಗ್ಗಿಸಿ ಸ್ಪ್ಯಾನರ್ ಒರೆಸುತ್ತ ನಿಂತಿದ್ದ.

"ಏನ್ರಿ, ಮಾರಿ ಸಣ್ಣದಾತು?"

"ಇನ್ನ ಗಾಡಿ ಕೆಡಂಗಿಲ್ಲ... ನೀವೂ ಬರಂಗಿಲ್ಲ." ಅವನು ತಲೆಯೆತ್ತಿದ. "ಟೀಚರ್... ಶಾಂಭವಿ... ನಿಮ್ಮನ್ನ ಮದವಿ ಆಗೂ ಆಶಾ ಐತ್ರಿ ನನಗ."

ಅವಳು ಏನೋ ಹೇಳಲು ಬಾಯಿ ತೆರೆದಳು.

ಅವನು ಗಾಬರಿಯಾಗಿ ಕೈ ಮುಗಿದ. "ಈಗ ಏನೂ ಹೇಳಬ್ಯಾಡ್ರಿ! ಎಂಟ ದಿನಾ ವಿಚಾರ ಮಾಡ್ರಿ, ಆಮ್ಯಾಲೆ ಹೇಳ್ರಿ. ಇಷ್ಟ ನಡಸಿ ಕೊಡ್ರಿ..."

"ಒಲ್ಲೆ," ಎಂದಳು ಶಾಂಭವಿ, ಮುಗಿದ ಆ ಕೈಗಳನ್ನು ಬಿಡಿಸುತ್ತ. "ಎಂಟ ದಿನಾ ಯಾರ್ರಿ ಕಾಯ್ತಾರ? ನಾ ಅಂತೂ ಕಾಯಂಗಿಲ್ಲ!"