ಮೇಜಿನ ನಾಲ್ಕನೆಯ ಬದಿ

ನಾರ್ವಿಚ್‌ನ ನಮ್ಮ ಹಾಡುಕೂಟದಲ್ಲಿ ನಾನು ಬರೀ ತುಟಿ ಆಡಿಸುತ್ತಿದ್ದೆನೆಂಬುದು ನನ್ನ ದಿನಚರಿಗೆ ಮಾತ್ರ ಗೊತ್ತಿತ್ತು.

ನಮ್ಮದು ಹಳೆಯ ನಾಟಕಕಾರನೊಬ್ಬನ ಪದ್ಯಗಳಿಗೆ ಅವನ ಕಾಲದಲ್ಲೇ ರಾಗ ಹಾಕಿದ ಪುಸ್ತಕ. ಮೇಜಿನ ಸುತ್ತ ನಾಲ್ವರು ಕೂತು ಹಾಡಲೆಂದು, ಪುಟದ ನಾಲ್ಕು ಅಂಚಿಗೂ ಒಂದೊಂದು ದನಿಯ ಸಾಲು ಆಯಾ ಬದಿಗೆ ಮುಖಮಾಡಿ ಅಚ್ಚಾಗಿತ್ತು. ನಾವು ಮೂವರೇ: ವಿನಿಫ್ರೆಡ್, ಅವರ ಗಂಡ ಹ್ಯೂಬರ್ಟ್, ನಾನು. ನನ್ನೆದುರಿನ ಕುರ್ಚಿ ಖಾಲಿ.

"ಹೆಸ್ಟರ್, ಇವತ್ತೂ ನಿನ್ನ ದನಿ ಕೇಳ್ಲಿಲ್ಲ ಅಂದ್ರೆ ಇನ್ಮೇಲೆ ಬರ್ಬೇಡ ಕಣಮ್ಮ," ಎಂದರು ವಿನಿಫ್ರೆಡ್.

ಹಾಡು ಶುರುವಾಯಿತು. ನಾನು ಎಂದಿನಂತೆ ತುಟಿ ಆಡಿಸಿದೆ. ಎದುರಿನಿಂದ ತಣ್ಣನೆಯ ಗಾಳಿ ಸುಳಿದು, ಹೆಣ್ಣುದನಿಯೊಂದು ನನ್ನ ಸಾಲನ್ನು ಹಾಡಿತು. ಆ ಬದಿಯಿಂದ ತಲೆಕೆಳಗಾಗಿ ಓದಿಯೂ ಒಂದು ಸ್ವರ ತಪ್ಪಲಿಲ್ಲ.

"ಅಬ್ಬಾ, ಕೊನೆಗೂ ಬಾಯಿ ಬಿಟ್ಯಲ್ಲೇ! ಭಾನುವಾರ ಹಾಡಿನ ಕಚೇರೀಲಿ ನೀನೇ ಮೊದಲು," ಎಂದರು ವಿನಿಫ್ರೆಡ್.

ಭಾನುವಾರ ಆ ದನಿಯನ್ನೇ ನಂಬಿಕೊಂಡು ಹೋದೆ. ಜನ ಕಾದರು, ನಾನೂ ಕಾದೆ. ಎದುರಿನ ಖಾಲಿ ಕುರ್ಚಿಯಿಂದ ದನಿ ಬರಲಿಲ್ಲ. ವಿನಿಫ್ರೆಡ್ ಮೇಜಿನಡಿ ನನ್ನ ಕಾಲು ತುಳಿದಾಗ ವಿಧಿಯಿಲ್ಲದೆ ನಾನೇ ಹಾಡಿದೆ. ಎರಡು ಕಡೆ ಉಸಿರು ಸಾಲಲಿಲ್ಲ.

"ಹೋದ ವಾರದ್ದೇ ಚೆನ್ನಾಗಿತ್ತು ಬಿಡು," ಎಂದರು ಹ್ಯೂಬರ್ಟ್.

ಪುಸ್ತಕ ಮುಚ್ಚುವಾಗ ನೋಡಿದೆ. ನಾನು ಎಡವಿದ ಆ ಎರಡೂ ಜಾಗದಲ್ಲಿ ಪೆನ್ಸಿಲ್ ಬರಹವಿತ್ತು: "ಇಲ್ಲಿ ಉಸಿರೆಳ್ಕೋ, ಮಗು." ಅಕ್ಷರಗಳು ಎದುರಿನ ಕುರ್ಚಿಗೆ ನೇರವಾಗಿ, ನನಗೆ ತಲೆಕೆಳಗಾಗಿದ್ದವು.