ನಾನೂರ ಹನ್ನೆರಡನೇ ಪುಟದ ಚೀಟಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಔಷಧ ಅಂಗಡಿಯವನೊಬ್ಬ ಇಟ್ಟಿಗೆಯಂಥ ಪುಸ್ತಕವನ್ನು ಎದೆಗವುಚಿಕೊಂಡು ಠಾಣೆಗೆ ಬಂದ. ಪುಸ್ತಕ ಕಳುವಾಗಿದೆ ಎಂದ.

"ಯಾವ ಪುಸ್ತಕ?" ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಇದೇ."

"ಇದು ನಿಮ್ಮ ಕೈಯಲ್ಲೇ ಇದೆಯಲ್ಲ ಸ್ವಾಮಿ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟು ಇನ್ಸ್‌ಪೆಕ್ಟರ ಮುಖ ನೋಡಿದ. ಇನ್ಸ್‌ಪೆಕ್ಟರು ಕುರ್ಚಿ ತೋರಿಸಿದರು.

ಅಂಗಡಿಯವನು ಹೇಳಿದ್ದು ಇಷ್ಟು. ಯಾವ ಕಾಯಿಲೆಗೆ ಯಾವ ಮದ್ದು, ಯಾರಿಗೆ ಎಷ್ಟು ಎಂಬುದೆಲ್ಲ ಇರುವ ಈ ಆಕರ ಗ್ರಂಥ ಕಾಲೇಜು ಮುಗಿಸಿದ ದಿನದಿಂದಲೂ ಅವನ ಬಲಗೈ. ಸದಾ ಕೌಂಟರಿನ ಮೇಲೇ ಇರುತ್ತದೆ. ಹೋದ ಗುರುವಾರ ಮಾಯವಾಯಿತು. ಶುಕ್ರವಾರ ಗಿರಾಕಿಗಳು ಕೂರುವ ಬೆಂಚಿನ ಮೇಲಿತ್ತು. ತೆರೆದು ನೋಡಿದರೆ ನಾನೂರ ಹನ್ನೆರಡನೇ ಪುಟಕ್ಕೆ ಎರಡು ಬೆರಳಗಲದ ಅಚ್ಚಿನ ಚೀಟಿಯೊಂದನ್ನು ಅಂಟಿಸಲಾಗಿತ್ತು. ಅದು ಹೃದಯದ ಮಾತ್ರೆಯೊಂದರ ಪುಟ. ಮೂತ್ರಪಿಂಡ ಸೋತವರಿಗೆ ದಿನಕ್ಕೆ ಎರಡು ಸಲ ಎಂದು ಮೊದಲಿತ್ತು. ಚೀಟಿಯಲ್ಲಿ ಎರಡು ದಿನಕ್ಕೊಮ್ಮೆ ಎಂದಿದೆ.

"ಯಾರೋ ನನ್ನ ಗಿರಾಕಿಗಳ ಪ್ರಾಣದ ಜೊತೆ ಆಟ ಆಡ್ತಿದ್ದಾರೆ ಸಾರ್," ಎಂದ.

ಎಫ್‌ಐಆರ್ ದಾಖಲಾಯಿತು. ಆದರೆ ಯಾವ ಕಲಂ ಹಾಕುವುದೆಂದು ಇನ್ಸ್‌ಪೆಕ್ಟರಿಗೆ ಬಹಳ ಹೊತ್ತು ಹೊಳೆಯಲಿಲ್ಲ. ಅವರ ಅಜ್ಜಿಯ ಕತೆಗಳಲ್ಲಿ ಬಗೆಬಗೆಯ ಕಳ್ಳರಿದ್ದರು; ರಾಜನ ದಿಂಬು ಕದ್ದವನಿದ್ದ, ಸಂತೆಯ ನಡುವೆ ನೆರಳನ್ನೇ ಕದ್ದವನಿದ್ದ. ಕದ್ದದ್ದನ್ನು ಮರುದಿನ ಒರೆಸಿ ತಂದಿಡುವವನು ಮಾತ್ರ ಅಜ್ಜಿಗೂ ಗೊತ್ತಿರಲಿಲ್ಲ.

ಬುಧವಾರ ಹೆಡ್ ಕಾನ್‌ಸ್ಟೇಬಲ್ ದೂರು ಕೊಟ್ಟವನ ಸಹಪಾಠಿಗಳ ಹನ್ನೊಂದು ಅಂಗಡಿ ಸುತ್ತಿ, ತಲೆ ಕೆರೆದುಕೊಳ್ಳುತ್ತ ಬಂದ. ಹನ್ನೊಂದರಲ್ಲೂ ಅದೇ ಪುಸ್ತಕ, ಅದೇ ಪುಟ, ಅದೇ ಚೀಟಿ. ಎಲ್ಲ ಕಡೆಯೂ ಪುಸ್ತಕ ಒಂದು ದಿನ ಕಾಣೆಯಾಗಿತ್ತು. ಒಬ್ಬ ಹೆಂಡತಿಯನ್ನು ಬೈದಿದ್ದ, ಇನ್ನೊಬ್ಬ ತನ್ನ ಮರೆವಿಗೆ ಮಾತ್ರೆ ಶುರು ಮಾಡಿದ್ದ.

ಮಧ್ಯಾಹ್ನ ಮೂರೂವರೆಗೆ ಇನ್ಸ್‌ಪೆಕ್ಟರು ಮಹಿಳಾ ಕಾನ್‌ಸ್ಟೇಬಲ್ ಜೊತೆ ಫಾರ್ಮಸಿ ಕಾಲೇಜಿನ ಗ್ರಂಥಾಲಯಕ್ಕೆ ಹೋದರು. ಅಲ್ಲಿನ ಪ್ರಾಧ್ಯಾಪಕಿ ದೂರು ಕೊಟ್ಟವನ ಪುಸ್ತಕವನ್ನೂ ಅದರ ಹೊಸ ಆವೃತ್ತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಚೀಟಿ ಸರಿ ಇದೆ. ಹಳೇ ಅಚ್ಚೇ ತಪ್ಪು. ಹಾಗೆ ನುಂಗಿದ್ರೆ ಮದ್ದು ಮೈಯಲ್ಲೇ ಉಳಿದು ವಿಷ ಆಗುತ್ತೆ."

"ಅಂದ್ರೆ ಅಪರಾಧಿ..."

"ನಿಮ್ಮ ಅಪರಾಧಿ ಹೇಳ್ತಿರೋದು ಸರಿ."

ಇನ್ಸ್‌ಪೆಕ್ಟರ ತಲೆ ಬೆಕ್ಕು ಆಡಿದ ನೂಲಿನುಂಡೆಯಾಯಿತು. ಸುಮ್ಮನೆ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಚೀಟಿಯ ಹಿಂಬದಿಯಲ್ಲಿ ಶಾಯಿಯ ಅಂಕಿಗಳು ತೇಲಿ ಕಂಡವು. ಮನೆ ನಂಬರೋ, ಗಾಡಿ ನಂಬರೋ ತಿಳಿಯಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಅವರ ಹಿಂದಿನ ಕಪಾಟು ತೋರಿಸಿದಳು. ಪುಸ್ತಕಗಳ ಬೆನ್ನ ಮೇಲೆಲ್ಲ ಅಂಥದೇ ಶಾಯಿ, ಅಂಥದೇ ಅಂಕಿ. ಕೆಳಗಿನ ಸಾಲಿನಲ್ಲಿ ಮಾತ್ರ ನಂಬರು ಚೀಟಿಗಳಿರಲಿಲ್ಲ. ಇದ್ದ ಕಡೆ ಬಿಳಿಚಿದ ಕಲೆ ಉಳಿದಿತ್ತು.

"ಇವನ್ನ ಅಂಟಿಸೋದು ಯಾರು?"

"ನಮ್ಮ ಗೋಂದಕ್ಕ. ಹರಿದ ಪುಸ್ತಕ ಹೊಲಿಯೋಳು. ಇವತ್ತು ರಜೆ."

ಗೋಂದಕ್ಕನ ಮೇಜಿನಲ್ಲಿ ಒಂದು ಪಟ್ಟಿ ಸಿಕ್ಕಿತು. ಆರು ವರ್ಷದ ಹಿಂದೆ ಓದು ಮುಗಿಸಿ ಹೊರಟ ನಲವತ್ತು ಮಂದಿಗೆ ಕಾಲೇಜು ಈ ಗ್ರಂಥದ ಒಂದೊಂದು ಪ್ರತಿ ಕೊಟ್ಟಿತ್ತು. ಅವರ ಈಗಿನ ಅಂಗಡಿಗಳ ವಿಳಾಸ ಅದರಲ್ಲಿತ್ತು. ಮೂವತ್ತೊಂಬತ್ತಕ್ಕೆ ಗುರುತು ಬಿದ್ದಿತ್ತು. ಉಳಿದದ್ದು ಕಣ್ಣಾಸ್ಪತ್ರೆಯ ಎದುರಿನ ಅಂಗಡಿ.

ಗುರುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಆ ಅಂಗಡಿಯ ನೂಕುನುಗ್ಗಲಿನಿಂದ ಒಬ್ಬ ಹೆಂಗಸು ಬಟ್ಟೆಚೀಲ ಹಿಡಿದು ಹೊರಬಂದಳು. ಬೆರಳ ತುದಿಗಳಲ್ಲಿ ಒಣಗಿದ ಗೋಂದು. ಮಹಿಳಾ ಕಾನ್‌ಸ್ಟೇಬಲ್ ಕೈ ಹಿಡಿದಾಗ ಕೊಸರಲಿಲ್ಲ. ಇವತ್ತೊಂದು ದಿನ ಬಿಟ್ಟರೆ ನಾಳೆ ತಾನೇ ಬಂದು ಕೂರುತ್ತೇನೆ ಎಂದಳು, ಅಷ್ಟೆ.

ಠಾಣೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಆ ನಲವತ್ತು ಪ್ರತಿಗಳ ಜೊತೆ ಪ್ರಕಾಶಕರು ನಲವತ್ತು ತಿದ್ದುಪಡಿ ಚೀಟಿಗಳನ್ನೂ ಕಳಿಸಿದ್ದರು. ಅಂಟಿಸುವುದು ಅವಳ ಕೆಲಸ. ಆ ವಾರ ನಂಬರು ಹಾಕುವ ಚೀಟಿಗಳು ಮುಗಿದಿದ್ದವು. ಕೈಗೆ ಸಿಕ್ಕ ಈ ಕಟ್ಟು ಅಳತೆಗೆ ಸರಿಯಾಗಿತ್ತು, ಒಂದು ಬದಿ ಖಾಲಿಯಿತ್ತು. ಖಾಲಿ ಬದಿಗೆ ನಂಬರು ಬರೆದು, ಅಚ್ಚಿನ ಬದಿಯನ್ನು ಕೆಳಗೆ ಮಾಡಿ, ಬೇರೆ ನಲವತ್ತು ಪುಸ್ತಕಗಳ ಬೆನ್ನಿಗೆ ಅಂಟಿಸಿಬಿಟ್ಟಳು.

"ಓದೋಕೆ ಬರ್ತಿರಲಿಲ್ವಾ?"

"ಬರ್ತಿತ್ತು. ಓದಲಿಲ್ಲ."

ಮೂರು ತಿಂಗಳ ಹಿಂದೆ ಅವುಗಳಲ್ಲೊಂದನ್ನು ಹೊಲಿಯಲೆಂದು ಬೆನ್ನು ನೆನೆಸಿದಾಗ ಚೀಟಿ ಸುಲಿದು ಮಗುಚಿಕೊಂಡಿತ್ತು. ಆಗ ಓದಿದಳು.

"ಅಂಗಡಿಯವರನ್ನ ಕೇಳಿ ಅಂಟಿಸಬಹುದಿತ್ತಲ್ಲ?"

"ಯಾಕೆ ಅಂತ ಕೇಳ್ತಿದ್ರು. ಹೇಳಿದ್ರೆ ಮುಂದಿನ ಪ್ರಶ್ನೆ ಒಂದೇ."

"ಯಾವುದು?"

"ಈ ಆರು ವರ್ಷದಲ್ಲಿ ಎಷ್ಟು ಜನ, ಅಂತ." ಆಮೇಲೆ ಅವಳೇ ಕೇಳಿದಳು, "ಯಾರಾದ್ರೂ ದೂರು ಕೊಟ್ಟಿದ್ರಾ ಸಾರ್?"

ಇನ್ಸ್‌ಪೆಕ್ಟರು ಕಪಾಟಿನ ರಿಜಿಸ್ಟರುಗಳತ್ತ ನೋಡಿದರು. ಹೃದಯದ ಕಾಯಿಲೆಯವರು ಹೃದಯ ನಿಂತು ಹೋದರೆ ಯಾರ ಮೇಲೆ ಯಾರು ದೂರು ಕೊಡುತ್ತಾರೆ? ಒಬ್ಬರೂ ಇಲ್ಲದಿರಬಹುದು. ಇರಲೂಬಹುದು. ಯಾವ ರಿಜಿಸ್ಟರಿನಲ್ಲೂ ಅದು ಸಿಗುವಂತಿರಲಿಲ್ಲ.

ಮೇಜಿನ ಮೇಲೆ ಜಪ್ತಾದ ನಲವತ್ತನೇ ಪುಸ್ತಕವಿತ್ತು, ನಾನೂರ ಹನ್ನೆರಡನೇ ಪುಟ ಬೋಳಾಗಿ. ಪಕ್ಕದಲ್ಲಿ ಅವಳ ಚೀಲದಿಂದ ತೆಗೆದ ಕೊನೆಯ ಚೀಟಿ. ಮುದ್ದೆಮಾಲನ್ನು, ಅಂದರೆ ಜಪ್ತಿಯಾದ ವಸ್ತುವನ್ನು, ಇದ್ದಂತೆಯೇ ಇಡಬೇಕು, ಇದ್ದಂತೆಯೇ ಮರಳಿಸಬೇಕು. ಕಣ್ಣಾಸ್ಪತ್ರೆ ಎದುರಿನ ಅಂಗಡಿಯವನು ಆಗಲೇ ಎರಡು ಸಲ ಫೋನು ಮಾಡಿ ಪುಸ್ತಕ ಕೇಳಿದ್ದ. ಗೋಂದಕ್ಕನ ಕಣ್ಣು ಆ ಪುಟ ಬಿಟ್ಟು ಕದಲಿರಲಿಲ್ಲ.

ಇನ್ಸ್‌ಪೆಕ್ಟರು ಹೆಡ್ ಕಾನ್‌ಸ್ಟೇಬಲನನ್ನು ಕರೆದು ಇಬ್ಬರು ಪಂಚರನ್ನು ಸಾಕ್ಷಿಗೆ ಕೂರಿಸಲು, ಟಪಾಲು ಮೇಜಿನ ಗೋಂದಿನ ಸೀಸೆ ತರಲು ಹೇಳಿದರು.

"ಪಂಚನಾಮೆ ಬರಿ. ಮೊದಲು ಪುಟ ಹೇಗಿತ್ತು ಅಂತ ಬರ್ಕೋ. ಆಮೇಲೆ, ಆರೋಪಿಯು ಕೃತ್ಯ ಎಸಗುತ್ತಿದ್ದ ರೀತಿಯನ್ನು ಪಂಚರ ಸಮಕ್ಷಮ ಮಾಡಿ ತೋರಿಸಿದಳು. ಸಮಯ ನಾಲ್ಕು ಗಂಟೆ ಐದು ನಿಮಿಷ."

ಅವಳು ಗೋಂದನ್ನು ತೆಳ್ಳಗೆ ಎಳೆದಳು. ಚೀಟಿಯನ್ನು ಅಂಚಿಗೆ ಅಂಚು ಕೂಡಿಸಿ, ಮಗುವಿನ ಹಣೆ ಒರೆಸಿದಂತೆ ಹೆಬ್ಬೆರಳಿನಿಂದ ಒತ್ತಿ, ಆರುವವರೆಗೂ ಕೈ ತೆಗೆಯಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಬಂಧನದ ಪತ್ರಕ್ಕೆ ಸಹಿ ಹಾಕಿದಳು.

ಅವಳನ್ನು ಒಳಗೆ ಕರೆದೊಯ್ದ ಮೇಲೆ ಹೆಡ್ ಕಾನ್‌ಸ್ಟೇಬಲ್ ಅರ್ಧ ತುಂಬಿದ ಹಾಳೆ ಹಿಡಿದು ನಿಂತ. ಉದ್ದೇಶ ಎಂಬಲ್ಲಿ ಏನು ಬರೆಯುವುದೆಂದು ಅವನಿಗೆ ತಿಳಿಯಲಿಲ್ಲ. ಇನ್ಸ್‌ಪೆಕ್ಟರಿಗೂ ಸರಿಯಾಗಿ ತಿಳಿದಿರಲಿಲ್ಲ.

"ಕೆಲಸ ಬಾಕಿ ಇತ್ತು," ಎಂದರು. "ಹಾಗಂತ ಬರಿ."